ಇಥಿಯೋಪಿಯಾಕ್ಕೆ ಪಾಠ ಹೇಳಲು ಹೊರಡುವ ಮುನ್ನ

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ವಿದೇಶಿ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪನ: ಅವಕಾಶಗಳು ಮತ್ತು ಸವಾಲುಗಳು’ ಎಂದು ಅಚ್ಚಾಗಿದೆ. ಅಷ್ಟು ಅಗಲದ ವಿಷಯ ನನ್ನ ಕೈಗೆ ನಿಲುಕುವುದಿಲ್ಲ. ನಾನು ಪಾಠ ಹೇಳಿದ್ದು ಒಂದೇ ಒಂದು ಹೊರದೇಶದಲ್ಲಿ, ಇಥಿಯೋಪಿಯಾದಲ್ಲಿ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯವೊಂದರ ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಕೆಲವು ವರ್ಷ ಇದ್ದೆ. ಅಮೆರಿಕ, ಜರ್ಮನಿ ಎಂದರೆ ದಾರಿ ತೋರಿಸುವವರು ಬೀದಿಗೊಬ್ಬರು ಸಿಗುತ್ತಾರೆ. ಆಫ್ರಿಕಾ ಎಂದ ಕೂಡಲೇ ದಾರಿ ಹೇಳುವವರು ಕಡಿಮೆ, ಹೆದರಿಸುವವರು ಜಾಸ್ತಿ. ಹಾಗಾಗಿ ಅಲ್ಲಿಗೆ ಹೊರಡುವವರ ತಯಾರಿಯ ಬಗ್ಗೆಯಷ್ಟೇ ಮಾತಾಡುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ತಯಾರಿ ಎಂದರೆ ನಮ್ಮವರಿಗೆ ಸೂಟ್‌ಕೇಸು, ಉಪ್ಪಿನಕಾಯಿ, ಸ್ವೆಟರು. ನನ್ನ ಲೆಕ್ಕದಲ್ಲಿ ತಯಾರಿಯ ಮುಕ್ಕಾಲು ಪಾಲು ಇರುವುದು ಇಲ್ಲಿಂದ ಬಿಡಿಸಿಕೊಳ್ಳುವುದರಲ್ಲಿ. ಅಲ್ಲಿಗೆ ಹೋದ ಮೇಲೆ ಅಲ್ಲಿನ ಕೆಲಸ ಹೇಗೋ ಆಗುತ್ತದೆ, ಕೈ ಹಿಡಿದು ನಡೆಸುವವರು ಸಿಗುತ್ತಾರೆ. ಇಲ್ಲಿನ ಕೆಲಸ ಮಾತ್ರ ಅಲ್ಲಿಂದ ಆಗುವುದಿಲ್ಲ.

ಆ ದೇಶಕ್ಕೆ ನಮ್ಮ ಮೇಷ್ಟ್ರುಗಳು ಯಾಕೆ ಬೇಕಾದರು ಎನ್ನುವುದು ಗೊತ್ತಿದ್ದರೆ ಒಳ್ಳೆಯದು. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ, 1950ರಲ್ಲಿ, ರಾಜಧಾನಿ ಆಡಿಸ್ ಅಬಾಬಾದಲ್ಲಿ ಮೊದಲ ಯೂನಿವರ್ಸಿಟಿ ಕಾಲೇಜು ಶುರುವಾಯಿತು. ಆಮೇಲೆ ಬಹಳ ವರ್ಷ ಇಡೀ ದೇಶದಲ್ಲಿದ್ದ ವಿಶ್ವವಿದ್ಯಾಲಯಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. 2000ದ ನಂತರ ಸರ್ಕಾರ ಒಂದೇ ಸಮನೆ ಕಟ್ಟುತ್ತಾ ಹೋಯಿತು. ಇವತ್ತು ಸರ್ಕಾರಿ ವಿಶ್ವವಿದ್ಯಾಲಯಗಳೇ 40ಕ್ಕೂ ಹೆಚ್ಚು. ಕಟ್ಟಡ ಬೇಗ ಎದ್ದಿತು, ಪಾಠ ಹೇಳುವವರು ಅಷ್ಟು ಬೇಗ ತಯಾರಾಗಲಿಲ್ಲ. ಮೇಲಾಗಿ 100 ವಿದ್ಯಾರ್ಥಿಗಳಲ್ಲಿ 70 ಮಂದಿ ವಿಜ್ಞಾನ, ತಂತ್ರಜ್ಞಾನಕ್ಕೆ ಹೋಗಬೇಕೆಂಬ ನೀತಿ ಬಂತು. ಪಾಠದ ಭಾಷೆ ಇಂಗ್ಲಿಷ್. ಅವರು ಭಾರತದ ಕಡೆ ನೋಡಿದ್ದು ಸಹಜ. ಅದಕ್ಕೂ ಹಿಂದೆ, ಚಕ್ರವರ್ತಿಯ ಕಾಲದಲ್ಲೇ ನಮ್ಮ ಶಾಲಾ ಮಾಸ್ತರರು, ಅದರಲ್ಲೂ ಕೇರಳದವರು, ಅಲ್ಲಿನ ಸಣ್ಣ ಸಣ್ಣ ಊರುಗಳಿಗೆ ಹೋಗಿ ಗಣಿತ, ಇಂಗ್ಲಿಷ್ ಕಲಿಸಿದ್ದರು. ಕೂದಲು ನೆರೆತ ಇಥಿಯೋಪಿಯನ್ನರು ನಿಮ್ಮನ್ನು ನೋಡಿದ ತಕ್ಷಣ ‘ನನಗೆ ಲೆಕ್ಕ ಕಲಿಸಿದವರು ಭಾರತದವರು’ ಎನ್ನುತ್ತಾರೆ. ಆ ಮಾಸ್ತರರು ದುಡಿದಿಟ್ಟ ಹೆಸರಿನ ಬಡ್ಡಿಯನ್ನು ನಾವು ಉಂಡಿದ್ದೇವೆ. ಈಗ ಇಥಿಯೋಪಿಯನ್ನರಲ್ಲೇ ಓದಿದವರು ಹೆಚ್ಚಿದ್ದಾರೆ, ಅದು ಆಗಲೇಬೇಕಾದದ್ದು. ಹಾಗಾಗಿ ಬರೀ ಎಂ.ಟೆಕ್., ಎಂ.ಎ. ಇಟ್ಟುಕೊಂಡು ಹೊರಡುವ ಕಾಲ ಮುಗಿಯಿತು, ಪಿಎಚ್.ಡಿ. ಇದ್ದವರು ಪ್ರಯತ್ನಿಸಿ.

ಇನ್ನು ಕಾಗದಪತ್ರಕ್ಕೆ ಬರೋಣ. ಇದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಬೇಸರಪಟ್ಟುಕೊಳ್ಳಬೇಡಿ.

ನಮ್ಮ ಹೆಸರೇ ಮೊದಲ ತೊಡಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಎಚ್.ಎಸ್.’, ಪದವಿ ಪತ್ರದಲ್ಲಿ ‘ಎಚ್.ಎಸ್. ಮಂಜುನಾಥ್’, ಪಾಸ್‌ಪೋರ್ಟಿನಲ್ಲಿ ‘ಹೊಸಹಳ್ಳಿ ಶಿವಣ್ಣ ಮಂಜುನಾಥ’. ನಮಗೆ ಮೂವರೂ ಒಬ್ಬರೇ. ಮೊಹರು ಒತ್ತುವ ಗುಮಾಸ್ತರಿಗೆ ಮೂವರೂ ಬೇರೆ ಬೇರೆ. ಹೆಣ್ಣುಮಕ್ಕಳಿಗೆ ಮದುವೆಯ ನಂತರದ ಹೆಸರೂ ಸೇರಿಕೊಂಡರೆ ನಾಲ್ವರಾಗುತ್ತಾರೆ. ಇಂಟರ್‌ವ್ಯೂಗೆ ಕರೆ ಬರುವ ಮೊದಲೇ ಎಲ್ಲ ಪ್ರಮಾಣಪತ್ರಗಳನ್ನೂ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ ನೋಡಿ. ಪಾಸ್‌ಪೋರ್ಟ್ ತಿದ್ದಿಸಬೇಕೋ, ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕೋ, ಆಗಲೇ ತೀರ್ಮಾನಿಸಿ. ತಮಾಷೆಯೆಂದರೆ, ಅಲ್ಲಿಗೆ ಹೋದ ಮೇಲೆ ಈ ಗೋಳೇ ಇಲ್ಲ. ಅವರಿಗೂ ಮನೆತನದ ಹೆಸರೆಂಬುದಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಇಷ್ಟೇ. ಕರೆಯುವುದು ಸ್ವಂತ ಹೆಸರು ಹಿಡಿದೇ: ಡಾಕ್ಟರ್ ಮಂಜುನಾಥ. ‘ಮಿಸ್ಟರ್ ಹೊಸಹಳ್ಳಿ’ ಎಂದು ಯಾರೂ ಕೂಗುವುದಿಲ್ಲ.

ಎರಡನೆಯದು ಅಟೆಸ್ಟೇಶನ್, ಅಂದರೆ ಪ್ರಮಾಣಪತ್ರ ಅಸಲಿ ಎಂದು ಮೊಹರು ಒತ್ತಿಸಿಕೊಳ್ಳುವುದು. ಪರಸ್ಪರರ ಕಾಗದಪತ್ರ ಒಪ್ಪುವ ಹೇಗ್ ಒಪ್ಪಂದಕ್ಕೆ ಸೇರಿದ ದೇಶವಾದರೆ ರಾಜ್ಯದ ಮೊಹರಿನ ಮೇಲೆ ನಮ್ಮ ವಿದೇಶಾಂಗ ಸಚಿವಾಲಯ ಹಚ್ಚುವ ಅಪೊಸ್ಟಿಲ್ ಎಂಬ ದೃಢೀಕರಣ ಚೀಟಿ ಸಾಕು, ಆ ದೇಶದ ರಾಯಭಾರ ಕಚೇರಿಯ ಮೊಹರು ಬೇಡ. ಭಾರತ 2005ರಿಂದ ಅದರಲ್ಲಿದೆ. ನಾನು ಹೋದಾಗ ಇಥಿಯೋಪಿಯಾಕ್ಕೆ ಅದು ನಡೆಯುತ್ತಿರಲಿಲ್ಲ. ಮೊದಲು ರಾಜ್ಯದ ಮೊಹರು, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಕೊನೆಗೆ ದೆಹಲಿಯ ಇಥಿಯೋಪಿಯಾ ರಾಯಭಾರ ಕಚೇರಿಯದ್ದು, ಈ ಕ್ರಮ ತಪ್ಪುವಂತಿರಲಿಲ್ಲ. ನೀವು ಹೊರಡುವ ದೇಶಕ್ಕೆ, ನೀವು ಹೊರಡುವ ವರ್ಷ ಯಾವ ಪದ್ಧತಿ ಇದೆ ಎಂದು ಆ ರಾಯಭಾರ ಕಚೇರಿಯನ್ನೇ ಕೇಳಿ. ಹಿಂದಿನ ವರ್ಷ ಹೋದ ಗೆಳೆಯರ ಮಾತು ನಂಬಿ ಕೂರಬೇಡಿ. ಇನ್ನೊಂದು ವಿಷಯ: ಪ್ರಾವಿಜನಲ್ ಸರ್ಟಿಫಿಕೇಟ್ ಇಟ್ಟುಕೊಂಡು ವರ್ಷಗಟ್ಟಲೆ ಕಾಲ ತಳ್ಳುವ ಅಭ್ಯಾಸ ನಮ್ಮಲ್ಲಿದೆ. ಮೊಹರಿಗೆ ಘಟಿಕೋತ್ಸವ ಪ್ರಮಾಣಪತ್ರದ ಮೂಲಪ್ರತಿಯೇ ಬೇಕಾಗುತ್ತದೆ. ಅದನ್ನು ಇನ್ನೂ ವಿಶ್ವವಿದ್ಯಾಲಯದಿಂದ ಬಿಡಿಸಿಕೊಳ್ಳದವರು ಈ ಸಭೆಯಲ್ಲೇ ಹಲವರಿರುತ್ತೀರಿ, ನಿಮ್ಮ ನಗುವೇ ಹೇಳುತ್ತಿದೆ. ಅಟೆಸ್ಟೇಶನ್ ಮುಗಿಸಿಕೊಡುತ್ತೇವೆ ಎಂದು ಮುಂದೆ ಬರುವ ಏಜೆಂಟರಿಗೆ ಆ ಕೆಲಸದ ಶುಲ್ಕ ಕೊಡಬಹುದು. ಕೆಲಸವನ್ನೇ ಕೊಡಿಸುತ್ತೇವೆ, ಸೀಟು ಹಿಡಿಯಲು ಇಷ್ಟು ಕಟ್ಟಿ ಎಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈಗಾಗಲೇ ಕೆಲಸದಲ್ಲಿರುವವರು ರಜೆ ಮತ್ತು ಲೀನ್ (ಹಳೆಯ ಹುದ್ದೆಗೆ ಮರಳುವ ಹಕ್ಕು) ವಿಚಾರವನ್ನು ಬಾಯಿಮಾತಿನಲ್ಲಿ ಬಿಡಬಾರದು. ‘ಹೋಗಿ ಬನ್ನಿ ಸರ್, ನಾವೆಲ್ಲ ಇದ್ದೇವಲ್ಲ’ ಎಂದ ಪ್ರಾಂಶುಪಾಲರು ನೀವು ವಾಪಸ್ ಬರುವ ಹೊತ್ತಿಗೆ ನಿವೃತ್ತರಾಗಿರುತ್ತಾರೆ. ಎಷ್ಟು ಅವಧಿಯ ಸಂಬಳರಹಿತ ರಜೆ, ಸೇವಾ ಹಿರಿತನ ಉಳಿಯುತ್ತದೆಯೇ, ಪಿಂಚಣಿ ವಂತಿಗೆಯನ್ನು ಯಾರು ಕಟ್ಟಬೇಕು, ಎಲ್ಲವೂ ಆದೇಶದಲ್ಲಿ ಬರೆದಿರಬೇಕು. ಖಾಸಗಿ ಕಾಲೇಜಿನವರಾದರೆ ರಿಲೀವಿಂಗ್ ಆರ್ಡರ್ ಮತ್ತು ಠೇವಣಿಯಾಗಿ ಇಟ್ಟುಕೊಂಡ ಮೂಲ ಮಾರ್ಕ್ಸ್ ಕಾರ್ಡುಗಳು ಕೈಗೆ ಬರುವವರೆಗೆ ಟಿಕೆಟ್ ಮಾಡಿಸಬೇಡಿ. ಹಾಗೆ ಇಟ್ಟುಕೊಳ್ಳುವುದೇ ತಪ್ಪು ಎನ್ನುವ ಚರ್ಚೆ ಇನ್ನೊಂದು ದಿನಕ್ಕಿರಲಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಹೊರದೇಶದ ಕೆಲಸಕ್ಕೆ ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು, ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಬೇಕು. ಕೆಲಸಕ್ಕಾಗಿ ದೇಶ ಬಿಡುವವರು ಆ ಹಣಕಾಸು ವರ್ಷದಲ್ಲಿ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಆದಾಯ ತೆರಿಗೆಯ ಮಟ್ಟಿಗೆ ಅನಿವಾಸಿ. ಅಲ್ಲಿನ ಶೈಕ್ಷಣಿಕ ವರ್ಷ ಸೆಪ್ಟೆಂಬರ್, ಅಕ್ಟೋಬರ್ ಆಸುಪಾಸಿನಲ್ಲಿ ಶುರುವಾಗುವುದರಿಂದ ಒಂದೆರಡು ವಾರ ಹಿಂದುಮುಂದಾದರೂ ಲೆಕ್ಕ ತಲೆಕೆಳಗಾಗುತ್ತದೆ. ಟಿಕೆಟ್ ಮಾಡಿಸುವ ಮೊದಲು ಆಡಿಟರನ್ನು ಕಂಡು ಬನ್ನಿ. ಸಂಬಳ ಯಾವ ನಾಣ್ಯದಲ್ಲಿ ಎಂಬುದು ಕರಾರಿನಲ್ಲಿ ಕಣ್ಣಿಗೆ ಕಾಣುವಂತಿರಬೇಕು. 2024ರ ಜುಲೈ ಕೊನೆಯಲ್ಲಿ ಇಥಿಯೋಪಿಯಾ ತನ್ನ ನಾಣ್ಯವಾದ ಬಿರ್‌ನ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಅಲ್ಲಿಯವರೆಗೆ ಡಾಲರಿಗೆ ಸುಮಾರು 57 ಬಿರ್ ಇದ್ದದ್ದು ಕೆಲವೇ ವಾರಗಳಲ್ಲಿ 100 ದಾಟಿತು. ಬಿರ್‌ನಲ್ಲಿ ಸಂಬಳ ಎಣಿಸುವವರು ಮನೆಗೆ ಕಳಿಸಬಹುದಾಗಿದ್ದ ಹಣ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು.

ಇದಕ್ಕಿಂತ ಹೆಚ್ಚು ಜನರನ್ನು ಕಾಡುವುದು ಓಟಿಪಿ. ನಗಬೇಡಿ. ಆಧಾರ್, ಬ್ಯಾಂಕ್, ಪಿಎಫ್, ವಿದ್ಯುತ್ ಬಿಲ್, ಎಲ್ಲವೂ ಒಂದು ಮೊಬೈಲ್ ನಂಬರಿಗೆ ಜೋತುಬಿದ್ದಿವೆ. ರೀಚಾರ್ಜ್ ನಿಂತು ಆ ನಂಬರ್ ಕೈತಪ್ಪಿದರೆ ಆಡಿಸ್ ಅಬಾಬಾದಲ್ಲಿ ಕೂತು ನೀವು ನೀವೇ ಎಂದು ಯಾರಿಗೂ ಸಾಬೀತು ಮಾಡಲಾರಿರಿ. ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿ, ರೀಚಾರ್ಜ್ ಮಾಡುವ ಹೊಣೆಯನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿ. ಸೈಟು, ಜಮೀನು, ಬಾಡಿಗೆ ಮನೆ ಇದ್ದವರು ಅಣ್ಣನಿಗೋ ಅಕ್ಕನಿಗೋ ಇಲ್ಲಿಯೇ ಸಬ್‌ರಿಜಿಸ್ಟ್ರಾರ್ ಮುಂದೆ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಟ್ಟು ಹೋಗಿ. ಅಲ್ಲಿಂದ ಮಾಡಿಸಿದರೆ ನಮ್ಮ ರಾಯಭಾರ ಕಚೇರಿಯ ಮೊಹರು ಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅಷ್ಟರಲ್ಲಿ ಬಾಡಿಗೆದಾರ ಬೀಗ ಹಾಕಿಕೊಂಡು ಹೋಗಿರುತ್ತಾನೆ.

ಯೆಲ್ಲೋ ಫೀವರ್ ಚುಚ್ಚುಮದ್ದಿನದ್ದೂ ಇದೇ ಜಾತಿಯ ಕತೆ. ಅದನ್ನು ಎಲ್ಲ ಆಸ್ಪತ್ರೆಗಳಲ್ಲೂ ಕೊಡುವುದಿಲ್ಲ, ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಷ್ಟೇ. ಹಾಕಿಸಿಕೊಂಡ 10 ದಿನಗಳ ನಂತರ ಪ್ರಮಾಣಪತ್ರ ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಆ ಹಳದಿ ಕಾರ್ಡನ್ನು ಬಿಗಿಯಾಗಿ ಕೇಳುವುದು ನೀವು ವಾಪಸ್ ಬರುವಾಗ, ನಮ್ಮದೇ ವಿಮಾನ ನಿಲ್ದಾಣದಲ್ಲಿ. ಇಥಿಯೋಪಿಯಾದಿಂದ ಬರುವವರ ಬಳಿ ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೂ ಪ್ರತ್ಯೇಕವಾಗಿ ಇರಿಸಬಹುದು. ರಜೆಗೆ ಬಂದ ಮಗ ಅಮ್ಮನ ಕೈಯೂಟ ಬಿಟ್ಟು ಕ್ವಾರಂಟೈನಿನಲ್ಲಿ ಕೂರಬೇಕಾಗುತ್ತದೆ.

ಹೋಗುವ ಊರು ಯಾವುದು ಎಂದು ನಕ್ಷೆ ತೆಗೆದು ನೋಡಿ. ಆಫ್ರಿಕಾ ಎಂದರೆ ಸುಡುಬಿಸಿಲು ಎಂದುಕೊಂಡು ಬರೀ ಹತ್ತಿ ಬಟ್ಟೆ ತುಂಬಿಕೊಂಡು ಹೋದವರು ಆಡಿಸ್‌ನಲ್ಲಿ ನಡುಗಿದ್ದನ್ನು ಕಂಡಿದ್ದೇನೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಆಸುಪಾಸು. ಆಡಿಸ್ ಅಬಾಬಾ ಇರುವುದು 2,300 ಮೀಟರಿಗೂ ಮೇಲೆ. ಮೆಟ್ಟಿಲು ಹತ್ತಿದರೆ ಮೊದಲ ವಾರ ಏದುಸಿರು. ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ಪಾತ್ರೆಯಲ್ಲಿಟ್ಟ ಅಕ್ಕಿ ಬೇಗ ಬೇಯುವುದಿಲ್ಲ. ಕುಕ್ಕರ್ ಮರೆಯಬೇಡಿ, ಒಂದೆರಡು ಗ್ಯಾಸ್ಕೆಟ್ ಹೆಚ್ಚೇ ಇರಲಿ. ದಕ್ಷಿಣದ ಅರ್ಬಾ ಮಿಂಚ್‌ನಂಥ ತಗ್ಗಿನ ಊರಾದರೆ ಸೆಕೆಯೂ ಇದೆ, ಮಲೇರಿಯಾವೂ ಇದೆ, ಸೊಳ್ಳೆಪರದೆ ಬೇಕು. ಹಾಗೆಯೇ ಕಾಳಗದ ಸುದ್ದಿಯನ್ನೂ ಓದಿಕೊಳ್ಳಿ. ಉತ್ತರದ ಟಿಗ್ರಾಯ್ ಪ್ರಾಂತ್ಯದ ಯುದ್ಧ 2020ರ ನವೆಂಬರಿನಿಂದ 2022ರ ನವೆಂಬರಿನವರೆಗೆ ನಡೆಯಿತು. ಮೆಕೆಲೆಯ ವಿಶ್ವವಿದ್ಯಾಲಯ ಇರುವುದು ಅಲ್ಲೇ. 2023ರಿಂದ ಅಮ್ಹಾರಾ ಪ್ರಾಂತ್ಯದಲ್ಲಿ ಗಲಭೆ. ‘ಇಥಿಯೋಪಿಯಾ ಸುರಕ್ಷಿತವೇ’ ಎಂಬ ಪ್ರಶ್ನೆಗೆ ಉತ್ತರವಿಲ್ಲ, ‘ಈ ಊರು ಈ ತಿಂಗಳು ಹೇಗಿದೆ’ ಎಂಬುದಕ್ಕೆ ಇದೆ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ.

ಸಸ್ಯಾಹಾರಿಗಳು ಕೇಳುವ ಪ್ರಶ್ನೆ ಗೊತ್ತು. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಈಸ್ಟರಿಗೆ ಮುಂಚೆ 55 ದಿನದ ದೊಡ್ಡ ಉಪವಾಸ ಬೇರೆ. ಹೋಟೆಲಿನಲ್ಲಿ ‘ತ್ಸೋಮ್’ (ಉಪವಾಸ) ಎಂದರೆ ಸಾಕು, ಅಗಲ ತಟ್ಟೆಯ ಇಂಜೆರಾ ಮೇಲೆ ಬೇಳೆ, ಸೊಪ್ಪು, ಕೋಸು, ಬೀಟ್‌ರೂಟ್ ಸಾಲಾಗಿ ಬರುತ್ತದೆ. ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹುಯ್ದ ಇಂಜೆರಾ ನಮ್ಮ ದೋಸೆಗೆ ದೂರದ ನೆಂಟ. ಹುಳಿ ಸ್ವಲ್ಪ ಜೋರು.

ತರಗತಿಗೆ ಬರೋಣ. ಟೈಮ್‌ಟೇಬಲ್‌ನಲ್ಲಿ ‘2 ಗಂಟೆಗೆ ಕ್ಲಾಸ್’ ಎಂದಿದ್ದರೆ ಮಧ್ಯಾಹ್ನ ಎಂದುಕೊಳ್ಳಬೇಡಿ. ಅವರ ಗಂಟೆ ಶುರುವಾಗುವುದು ಬೆಳಗಿನ ಆರರಿಂದ. ನಮ್ಮ ಎಂಟು ಗಂಟೆ ಅವರಿಗೆ ಎರಡು. ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದ ನಾಡಿನವರಿಗೆ ಇದು ಅರ್ಥವಾಗದ್ದೇನಲ್ಲ. ಪ್ರತಿ ಸಲವೂ ‘ಇಥಿಯೋಪಿಯನ್ ಟೈಮೋ, ನಿಮ್ಮ ಟೈಮೋ’ ಎಂದು ಅವರೇ ಕೇಳುತ್ತಾರೆ, ನೀವೂ ಕೇಳಿ. ಪಾಠ ನಡೆಯುವಾಗ ಮುಂದಿನ ಬೆಂಚಿನ ಹುಡುಗಿ ಥಟ್ಟನೆ ಉಸಿರು ಒಳಕ್ಕೆಳೆದುಕೊಳ್ಳುತ್ತಾಳೆ. ಮೊದಲ ಸಲ ನಾನು ಹಲ್ಲಿ ಬಿತ್ತೇನೋ ಎಂದು ಮೇಲೆ ನೋಡಿದೆ. ಅದು ಅವರಲ್ಲಿ ‘ಹೂಂ’ ಎನ್ನುವ ರೀತಿ. ಆ ಶಬ್ದ ಬರುತ್ತಿದೆ ಎಂದರೆ ಪಾಠ ತಲುಪುತ್ತಿದೆ ಎಂದು ಲೆಕ್ಕ. ನಿಶ್ಶಬ್ದವಾಗಿದ್ದರೆ ನಿಮ್ಮ ಇಂಗ್ಲಿಷ್ ವೇಗ ಇಳಿಸಿ. ನಮ್ಮ ಉಚ್ಚಾರಣೆ ಅವರಿಗೆ, ಅವರದ್ದು ನಮಗೆ ಹೊಂದಿಕೊಳ್ಳಲು ಒಂದು ಸೆಮಿಸ್ಟರ್ ಬೇಕು. ನಾನು ಕಪ್ಪು ಹಲಗೆಯ ಮೇಲೆ ಬರೆಯುವುದನ್ನು ಎರಡರಷ್ಟು ಮಾಡಿಕೊಂಡೆ. ನೋಟ್ಸು, ಪುಸ್ತಕ, ಸಾಫ್ಟ್‌ವೇರ್ ಎಲ್ಲವನ್ನೂ ಹಾರ್ಡ್ ಡಿಸ್ಕಿನಲ್ಲಿ ಇಳಿಸಿಕೊಂಡು ಹೋಗಿ, ಇಂಟರ್‌ನೆಟ್ ನಂಬಿ ಹೋಗಬೇಡಿ. ಅಲ್ಲಿನ ಅಮ್ಹಾರಿಕ್ ಭಾಷೆಯ ಲಿಪಿಗೆ ಹೆದರುವುದು ಬೇಡ. ಪ್ರತಿ ವ್ಯಂಜನಕ್ಕೂ ಏಳು ರೂಪ, ಬರವಣಿಗೆ ಎಡದಿಂದ ಬಲಕ್ಕೆ. ಕಾಗುಣಿತ ಬಲ್ಲವರಿಗೆ ಅದು ಅರ್ಧ ಗೊತ್ತಿದ್ದ ಹಾಗೆಯೇ. ಅಂದ್, ಹುಲೆತ್, ಸೊಸ್ತ್, ಅರಾತ್, ಅಮಿಸ್ತ್ ಎಂದು ಐದರವರೆಗೆ ಎಣಿಸಲು ಕಲಿತರೂ ಸಂತೆಯಲ್ಲಿ ಈರುಳ್ಳಿಯ ಬೆಲೆ ಇಳಿಯುತ್ತದೆ.

ಕೊನೆಯದು ವಾಪಸ್ ಬರುವಾಗಿನ ಒಂದು ಕಾಗದ. ಇಥಿಯೋಪಿಯಾದ ಪಂಚಾಂಗದಲ್ಲಿ 30 ದಿನದ ಹನ್ನೆರಡು ತಿಂಗಳು, ಜೊತೆಗೆ ಐದಾರು ದಿನದ ಹದಿಮೂರನೆಯದು. ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ. ವರ್ಷದ ಎಣಿಕೆ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ; 2024ರ ಸೆಪ್ಟೆಂಬರಿನಲ್ಲಿ ಅವರಿಗೆ 2017 ಹುಟ್ಟಿತು. ನಿಮ್ಮ ಸೇವಾ ಪ್ರಮಾಣಪತ್ರದಲ್ಲಿ ಬರೀ ಅವರ ತಾರೀಖು ಬಿದ್ದರೆ, ಇಲ್ಲಿನ ಕಚೇರಿಯಲ್ಲಿ ಅದನ್ನು ಬಿಚ್ಚಿದ ಕೇಸ್ ವರ್ಕರಿಗೆ ನೀವು ಪಿಎಚ್.ಡಿ. ಮಾಡುವ ಮೊದಲೇ ಅಲ್ಲಿ ಪ್ರೊಫೆಸರ್ ಆಗಿದ್ದಂತೆ ಕಾಣುತ್ತದೆ. ಇಥಿಯೋಪಿಯನ್ನರು ತಮ್ಮ ತಾರೀಖಿನ ಮುಂದೆ ‘ಇ.ಸಿ.’ (ಇಥಿಯೋಪಿಯನ್ ಕ್ಯಾಲೆಂಡರ್) ಎಂದೂ ನಮ್ಮದರ ಮುಂದೆ ‘ಜಿ.ಸಿ.’ (ಗ್ರೆಗೋರಿಯನ್ ಕ್ಯಾಲೆಂಡರ್) ಎಂದೂ ಹಾಕುತ್ತಾರೆ. ಎರಡೂ ಇರುವ ಪತ್ರ ಬರೆಸಿಕೊಂಡು, ಅಲ್ಲಿನ ವಿದೇಶಾಂಗ ಸಚಿವಾಲಯದ ಮೊಹರು ಒತ್ತಿಸಿಕೊಂಡೇ ವಿಮಾನ ಹತ್ತಿ. ಕುಟುಂಬದ ವೀಸಾ, ಮಕ್ಕಳ ಶಾಲೆಯ ಬಗ್ಗೆ ಚೀಟಿಗಳು ಬಂದಿವೆ, ಅವನ್ನು ಈಗ ಒಂದೊಂದಾಗಿ ಓದುತ್ತೇನೆ.