ಬೂಷ್ಟು ಹಿಡಿದ ಗೋಡೆಗೆ ಬಣ್ಣ ಮದ್ದಲ್ಲ

ನಮಸ್ಕಾರ. ಮಳೆಗಾಲ ಹಿಡಿದ ಮೇಲೆ ಕರಾವಳಿ, ಮಲೆನಾಡುಗಳಲ್ಲಿ ಮಾತ್ರವಲ್ಲದೆ ಬೆಂಗಳೂರಿನ ಬಿಸಿಲು ಬೀಳದ ಬಾಡಿಗೆ ಮನೆಗಳಲ್ಲೂ ಬೀರುವಿನ ಹಿಂದಿನ ಗೋಡೆ ಕಪ್ಪಾಗುತ್ತದೆ, ಚರ್ಮದ ಬೆಲ್ಟಿನ ಮೇಲೆ ಬಿಳಿ ಬೂಷ್ಟು ಏಳುತ್ತದೆ, ಮಡಿಸಿಟ್ಟ ರಜಾಯಿ ಮುಗ್ಗಲು ವಾಸನೆ ಹೊಡೆಯುತ್ತದೆ. ಇದನ್ನು ಕೆಲವರು ಮಳೆಗಾಲದ ಸಹಜ ಕಿರಿಕಿರಿಯೆಂದು ಸಹಿಸಿಕೊಳ್ಳುತ್ತಾರೆ, ಕೆಲವರು ಮನೆಯ ಹೆಂಗಸರು ಸರಿಯಾಗಿ ಗುಡಿಸಿ ಒರೆಸುತ್ತಿಲ್ಲವೆಂದು ದೂರುತ್ತಾರೆ. ಆ ದೂರು ಅನ್ಯಾಯದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಷ್ಟೇ ಚೊಕ್ಕಟವಾಗಿಟ್ಟರೂ ಗೋಡೆಯೊಳಗೆ ನೀರು ಜಿನುಗುತ್ತಿದ್ದರೆ ಬೂಷ್ಟು ಬಂದೇ ಬರುತ್ತದೆ. ಧೂಳುನುಸಿಯ ಬದುಕೂ ತೇವವನ್ನೇ ನಂಬಿದೆ. ಕಾಲು ಮಿಲಿಮೀಟರಿನ ಆಸುಪಾಸಿನ ಈ ಜೀವಿ ನೀರು ಕುಡಿಯುವುದಿಲ್ಲ. ಗಾಳಿಯಲ್ಲಿರುವ ತೇವವನ್ನು ಮೈಯಿಂದಲೇ ಹೀರಿಕೊಂಡು, ನಮ್ಮ ಚರ್ಮದಿಂದ ಉದುರುವ ಹೊಟ್ಟನ್ನು ತಿಂದು, ಹಾಸಿಗೆ ದಿಂಬುಗಳೊಳಗೆ ಸಂಸಾರ ಹೂಡುತ್ತದೆ. ಅದು ಕಚ್ಚುವುದಿಲ್ಲ. ಅದರ ಹಿಕ್ಕೆಯಲ್ಲಿರುವ ಪ್ರೋಟೀನು ಉಸಿರಿನೊಡನೆ ಒಳಗೆ ಹೋದಾಗ, ಅಲರ್ಜಿ ಇರುವವರಿಗೆ ಬೆಳಗ್ಗೆ ಏಳುತ್ತಲೇ ಸಾಲುಸಾಲು ಸೀನು, ರಾತ್ರಿ ಉಬ್ಬಸ. ಮನೆಯ ಧೂಳಿನ ಅಲರ್ಜಿಗೆ ಈ ನುಸಿಯೇ ಮುಖ್ಯ ಕಾರಣವೆಂದು 1960ರ ದಶಕದಲ್ಲಿ ನೆದರ್‌ಲೆಂಡ್ಸಿನ ಲೈಡನ್ ನಗರದ ಸಂಶೋಧಕರು ತೋರಿಸಿಕೊಟ್ಟರು. ತೇವ ಹಿಡಿದ ಮನೆಗಳಲ್ಲಿ ಅದರ ಸಂಖ್ಯೆ ಹೆಚ್ಚೆಂಬುದನ್ನೂ ಅವರೇ ಕಂಡುಕೊಂಡರು. ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ, ನಿಜ. ಆದರೆ ಕೋಣೆಯ ತೇವ ಹಾಗೇ ಉಳಿದರೆ ಅದು ಮತ್ತೆ ಹುಟ್ಟಿಕೊಳ್ಳುತ್ತದೆ.

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟಿನಲ್ಲಿ ಬಹುಕಾಲ ಉಸಿರಾಡಿದ್ದರಿಂದ ಉಂಟಾದ ಶ್ವಾಸಕೋಶದ ತೊಂದರೆಯೇ ಸಾವಿಗೆ ಕಾರಣವೆಂದು 2022ರಲ್ಲಿ ವಿಚಾರಣೆ ನಡೆಸಿದ ಅಧಿಕಾರಿ ಹೇಳಿದರು. ತಂದೆ 2017ರಲ್ಲೇ ದೂರು ಕೊಟ್ಟಿದ್ದರು. ಮೇಲೆ ಬಣ್ಣ ಬಳಿಯಿರಿ ಎಂಬ ಉತ್ತರ ಸಿಕ್ಕಿತ್ತು. ಅಲ್ಲಿಯೂ ಮನೆ ನೋಡಿಕೊಳ್ಳಬೇಕಾದ ಸಂಸ್ಥೆ ಆ ಕುಟುಂಬದ ಜೀವನಕ್ರಮದ ಮೇಲೆಯೇ ತಪ್ಪು ಹೊರಿಸಿತ್ತು. ಈಗ ಆ ಮಗುವಿನ ಹೆಸರಿನ ಕಾನೂನು ಅಲ್ಲಿ ಸ್ಥಳೀಯ ಆಡಳಿತ ಮತ್ತು ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಸಾಮಾಜಿಕ ವಸತಿ ಮನೆಗಳಿಗೆ ಜಾರಿಯಲ್ಲಿದ್ದು, ತೇವದ ದೂರನ್ನು ಗೊತ್ತುಪಡಿಸಿದ ಗಡುವಿನೊಳಗೆ ಪರಿಶೀಲಿಸಿ ಸರಿಪಡಿಸಲೇಬೇಕು.

ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಬಣ್ಣದ ಖರ್ಚೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿಯಿದೆ. ಎಷ್ಟೋ ಕಡೆ ಆ ಹಣದಲ್ಲಿ ಬೂಷ್ಟಿನ ಮೇಲೆಯೇ ಬಣ್ಣ ಬಳಿದು, ಮುಂದಿನ ಸಂಸಾರಕ್ಕೆ ಮನೆ ತೋರಿಸುತ್ತಾರೆ. ಆ ಸಂಸಾರದಲ್ಲಿ ಉಬ್ಬಸದ ಮಗುವಿದ್ದರೆ ಇನ್ಹೇಲರಿನ ಖರ್ಚು ಹೆತ್ತವರದು, ಸೋರುವ ಪೈಪಿನ ಹೊಣೆ ಮಾತ್ರ ಯಾರದೂ ಅಲ್ಲ. ಇದು ನನಗೆ ಸಹಿಸಲಾಗದ ಸಂಗತಿ. ಸೋರಿಕೆಯನ್ನು ಎಷ್ಟು ದಿನಗಳೊಳಗೆ ಮಾಲೀಕರು ನಿಲ್ಲಿಸಬೇಕೆಂಬ ಮಾತು ಬಾಡಿಗೆ ಕರಾರಿನಲ್ಲಿಯೇ ಬರೆದಿರಬೇಕು. ಉಬ್ಬಸಕ್ಕೆ ಔಷಧಿ ಬರೆಯುವ ವೈದ್ಯರು ಮಗು ಮಲಗುವ ಕೋಣೆಯ ಗೋಡೆ ಹೇಗಿದೆಯೆಂದು ಕೇಳಬೇಕು. ಮನೆ ನೋಡಲು ಹೋದವರು ಹೊಸ ಬಣ್ಣಕ್ಕೆ ಮರುಳಾಗದೆ, ಬಚ್ಚಲಿಗೆ ತಾಗಿದ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿಯೇ ಅಡ್ವಾನ್ಸ್ ಕೊಡಬೇಕು.