ಕಾರಿನ ಕಿಟಕಿ ಗ್ಲಾಸ್ ಒಡೆದರೆ ಕ್ಲೇಮ್ ಮಾಡಬೇಕಾ? ಮೊದಲು ಈ ಲೆಕ್ಕ ಹಾಕಿ

(ದೃಶ್ಯ: ಕಾರಿನ ಎಡಗಡೆ ಹಿಂದಿನ ಬಾಗಿಲು. ಕಿಟಕಿ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ, ಸುತ್ತ ಕಂದು ಟೇಪು.)

ನಮಸ್ಕಾರ್ರೀ. ಇದು ನನ್ನದೇ ಕಾರು. ಹೋದ ವಾರ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನಿಲ್ಲಿಸಿ, ಮಗಳಿಗೆ ಎರಡು ಜೊತೆ ಬಟ್ಟೆ ತಗೊಂಡು ಬರುವುದರೊಳಗೆ ಈ ಕಿಟಕಿ ಹೋಗಿತ್ತು. ಯಾರು ಒಡೆದರು, ಏನು ಬಡಿಯಿತು, ಗೊತ್ತಿಲ್ಲ. ಒಳಗಿನ ಸಾಮಾನು ಯಾವುದೂ ಹೋಗಿರಲಿಲ್ಲ. ಸೀಟಿನ ತುಂಬ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಗಾಜಿನ ಹರಳು. ಅದು ಮಗಳು ಕೂರುವ ಜಾಗ. ಆಗ ಅವಳು ನನ್ನ ಕೈ ಹಿಡಿದು ಹೊರಗಿದ್ದಳು, ಅಷ್ಟು ಸಾಕು.

ಮನೆಗೆ ಬಂದರೆ ಎಲ್ಲರದ್ದೂ ಒಂದೇ ಮಾತು. "ಇನ್ಶೂರೆನ್ಸ್ ಐತಲ್ಲ, ಕ್ಲೇಮ್ ಮಾಡು, ಸುಮ್ನೆ ಕೈಯಿಂದ ಯಾಕ ಹಾಕ್ತಿ?" ನಾನೂ ಫೋನ್ ಕೈಗೆತ್ತಿಕೊಂಡಿದ್ದೆ. ಆಮೇಲೆ ಪಾಲಿಸಿ ಕಾಗದ ತೆಗೆದು ಕೂತು ಲೆಕ್ಕ ಹಾಕಿದೆ. ಕ್ಲೇಮ್ ಮಾಡಲಿಲ್ಲ.

ಮೊದಲು ಪಾಲಿಸಿ ಯಾವುದು ನೋಡಿ. ಬರೀ ಥರ್ಡ್ ಪಾರ್ಟಿ, ಅಂದರೆ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ ಇರುವ ಪಾಲಿಸಿ ಇದ್ದರೆ ನಿಮ್ಮ ಗ್ಲಾಸಿಗೆ ಒಂದು ರೂಪಾಯಿನೂ ಬರಲ್ಲ, ಮಾತು ಅಲ್ಲಿಗೇ ಮುಗಿಯಿತು. ಓನ್ ಡ್ಯಾಮೇಜ್ ಕವರ್, ಅಂದರೆ ನಿಮ್ಮ ಸ್ವಂತ ಕಾರಿನ ಹಾನಿಗೆ ಕೊಡುವ ಕವರ್ ಇದ್ದರೆ ಮಾತ್ರ ಮುಂದಿನದು ನಿಮಗೆ.

(ದೃಶ್ಯ: ಪಾಲಿಸಿ ಕಾಗದ, ಓನ್ ಡ್ಯಾಮೇಜ್ ಪ್ರೀಮಿಯಂ ಸಾಲಿನ ಮೇಲೆ ಬೆರಳು.)

ರಿಂಗ್ ರೋಡಿನ ಗ್ಲಾಸ್ ಅಂಗಡಿಯಲ್ಲಿ ನನಗೆ ಹೇಳಿದ್ದು, ಗ್ಲಾಸು, ರಬ್ಬರು, ಕೂಲಿ ಎಲ್ಲ ಸೇರಿ 2,800 ರೂಪಾಯಿ. ಕ್ಲೇಮ್ ಮಾಡಿದರೆ ಇದರಲ್ಲಿ ಮೊದಲು 1,000 ರೂಪಾಯಿ ನಾವೇ ಕೊಡಬೇಕು. 1500 ಸಿಸಿವರೆಗಿನ ಕಾರಿಗೆ ಇದು ಕಡ್ಡಾಯ, ಅದಕ್ಕಿಂತ ದೊಡ್ಡ ಎಂಜಿನ್ ಇದ್ದರೆ 2,000. ಪ್ರೀಮಿಯಂ ಕಡಿಮೆಯಾಗಲಿ ಅಂತ ನೀವೇ ಹೆಚ್ಚಿನ ಮೊತ್ತ ಒಪ್ಪಿಕೊಂಡಿದ್ದರೆ ಅದೂ ಸೇರುತ್ತದೆ. ಗಾಜಿಗೆ ಸವಕಳಿ, ಅಂದರೆ ಹಳೆಯದಾಯಿತು ಅಂತ ಬೆಲೆಯಲ್ಲಿ ಮಾಡುವ ಕಡಿತ, ಕಳೆಯುವುದಿಲ್ಲ, ಪೂರ್ತಿ ಬೆಲೆ ಕೊಡುತ್ತಾರೆ. ರಬ್ಬರು, ಪ್ಲಾಸ್ಟಿಕ್ಕಿಗೆ ಮಾತ್ರ ಅರ್ಧ. "ನಂದು ಝೀರೋ ಡೆಪ್, ಗ್ಲಾಸಿಗೆ ಜಾಸ್ತಿ ಸಿಗುತ್ತೆ" ಅಂತ ತುಂಬ ಜನ ಅಂದುಕೊಂಡಿದ್ದಾರೆ. ಝೀರೋ ಡೆಪ್ ಅಂದರೆ ಸವಕಳಿ ಕಳೆಯದ ಕವರ್. ಗಾಜಿಗೆ ಝೀರೋ ಡೆಪ್ ಇಲ್ಲದಿದ್ದರೂ ಕಳೆಯುವುದು ಸೊನ್ನೆಯೇ ಅಲ್ವಾ, ಅದರಿಂದ ಇಲ್ಲಿ ಹೇಳಿಕೊಳ್ಳುವಂಥ ಲಾಭ ಇಲ್ಲ.

ಅಂದರೆ ನನಗೆ ಬರುವುದು ಹೆಚ್ಚೂ ಕಡಿಮೆ 1,700 ರೂಪಾಯಿ. ಹೋಗುವುದು ಎಷ್ಟು?

ಹೋಗುವುದು ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ. ಆಮೇಲೆ 25, 35, 45, ಐದು ವರ್ಷಕ್ಕೆ 50. ಏರುವುದು ಮೆಟ್ಟಿಲು ಮೆಟ್ಟಿಲಾಗಿ, ಇಳಿಯುವುದು ಒಂದೇ ಸಲ. 1,700 ರೂಪಾಯಿಯ ಕ್ಲೇಮ್ ಆದರೂ ಅಷ್ಟೇ, ಲಕ್ಷದ್ದಾದರೂ ಅಷ್ಟೇ, ಮುಂದಿನ ರಿನ್ಯೂವಲ್‌ಗೆ ಬೋನಸ್ ಸೊನ್ನೆ.

(ದೃಶ್ಯ: ಬಿಳಿ ಹಾಳೆ, ಪೆನ್ನಿನಲ್ಲಿ ಎರಡು ಸಾಲು ಲೆಕ್ಕ.)

ನನ್ನ ಲೆಕ್ಕ ನೋಡಿ. ಸುಲಭ ಆಗಲಿ ಅಂತ ರಿಯಾಯಿತಿಗೆ ಮೊದಲಿನ ಪ್ರೀಮಿಯಂ ಪ್ರತಿ ವರ್ಷ 10,000 ಅಂತಲೇ ಇಟ್ಟುಕೊಳ್ಳೋಣ. ಈಗ ನನಗೆ ಶೇ 35 ಇದೆ. ಕ್ಲೇಮ್ ಮಾಡದಿದ್ದರೆ ಮುಂದಿನ ಐದು ವರ್ಷದಲ್ಲಿ ಮೊದಲ ಸಲ 5,500, ಆಮೇಲೆ ನಾಲ್ಕು ಸಲ 5,000. ಒಟ್ಟು 25,500. ಕ್ಲೇಮ್ ಮಾಡಿದರೆ 10,000, 8,000, 7,500, 6,500, 5,500. ಒಟ್ಟು 37,500. ವ್ಯತ್ಯಾಸ 12,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಬೇರೆ. ಕಾರು ಹಳೆಯದಾದಂತೆ ಬೆಲೆ ಇಳಿದು ಪ್ರೀಮಿಯಂ ಸ್ವಲ್ಪ ಕಡಿಮೆಯಾಗುತ್ತದೆ, ಸರಿ, ನಷ್ಟ ಹತ್ತು ಸಾವಿರ ಅಂತಲೇ ಹಿಡಿಯಿರಿ. 1,700ಕ್ಕೆ ಹತ್ತು ಸಾವಿರ ಬಿಡುವುದಾ? ನಮ್ಮಲ್ಲಿ ಎಲ್ಲರೂ ಬರೀ ಮುಂದಿನ ಒಂದು ವರ್ಷ ನೋಡುತ್ತಾರೆ. ನಷ್ಟ ಐದು ವರ್ಷ ಹರಿದುಕೊಂಡು ಬರುತ್ತದೆ, ಅದನ್ನು ಯಾರೂ ಕೂಡಿಸಿ ನೋಡುವುದಿಲ್ಲ.

ಹಾಗಂತ ಗ್ಲಾಸಿಗೆ ಕ್ಲೇಮ್ ಮಾಡಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಸೇಡಂ ರೋಡಿನಲ್ಲಿ ಟಿಪ್ಪರ್ ಹಿಂದೆ ಹೋಗುವಾಗ ಜಲ್ಲಿಕಲ್ಲು ಸಿಡಿದು ಮುಂದಿನ ಗ್ಲಾಸಿಗೆ ಬಡಿದರೆ ಕಥೆ ಬೇರೆ. ಈಗಿನ ಎಷ್ಟೋ ಕಾರುಗಳಲ್ಲಿ ಮುಂದಿನ ಗಾಜಿನ ಹಿಂದೆ ಕ್ಯಾಮೆರಾ, ಮಳೆ ಸೆನ್ಸರ್ ಇರುತ್ತವೆ. ಅಂಥ ಗ್ಲಾಸಿನ ಬಿಲ್ ಹತ್ತಾರು ಸಾವಿರ ದಾಟುತ್ತದೆ. ಅಲ್ಲಿ ಕ್ಲೇಮೇ ಸರಿ. ಕಾರು ಹೊಸದು, ಮೊದಲನೇ ವರ್ಷ ಅಂದರೂ ನಷ್ಟ ಕಡಿಮೆ, ಇದೇ 10,000ದ ಲೆಕ್ಕದಲ್ಲಿ ಒಟ್ಟು 5,000 ಆಗುತ್ತದೆ. ಈ ವರ್ಷ ಈಗಾಗಲೇ ಒಂದು ಕ್ಲೇಮ್ ಆಗಿದ್ದರೆ ಬೋನಸ್ ಹೋಗಿಯಾಗಿದೆ, ಗ್ಲಾಸಿನದ್ದೂ ಕೇಳಿ. ಆದರೆ ಎರಡು ಘಟನೆಗೆ ಎರಡು ಕ್ಲೇಮ್, ಆ 1,000 ಮತ್ತೆ ಕೊಡಬೇಕು. ಹಳೇ ಡೆಂಟು, ಹೊಸ ಗ್ಲಾಸು ಒಂದೇ ಫಾರ್ಮಿನಲ್ಲಿ ತುರುಕಬೇಡಿ. ಸುಳ್ಳು ಸಿಕ್ಕಿಬಿದ್ದರೆ ಪೂರ್ತಿ ಕ್ಲೇಮ್ ಕೈಬಿಡುತ್ತದೆ.

ಎನ್‌ಸಿಬಿ ಪ್ರೊಟೆಕ್ಷನ್ ಅಂತ ಆಡ್-ಆನ್, ಅಂದರೆ ಹೆಚ್ಚು ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಕವರ್ ತಗೊಂಡಿದ್ದರೆ, ಅದರಲ್ಲಿ ಬರೆದಷ್ಟು ಕ್ಲೇಮ್‌ವರೆಗೆ ಬೋನಸ್ ಉಳಿಯುತ್ತದೆ. ಮುಂದಿನ ಗಾಜಿನ ಸಣ್ಣ ಚುಕ್ಕೆ ರಿಪೇರಿ ಮಾಡಿಸಿದರೆ ಬೋನಸ್ ಮುಟ್ಟದ ಪಾಲಿಸಿಗಳೂ ಇವೆ. ಕಂಪನಿಗೆ ಮೊದಲು ಇದನ್ನು ಕೇಳಿ, ಕ್ಲೇಮ್ ಆಮೇಲೆ ದಾಖಲಿಸಿ. ಚುಕ್ಕೆ ಅಂತ ಬಿಡಬೇಡಿ ಮತ್ತೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಕಾದ ಗಾಜಿಗೆ ಏಸಿ ತಂಪು ತಾಗಿದರೆ ಬಿರುಕು ಉದ್ದಕ್ಕೆ ಓಡುತ್ತದೆ.

ಕ್ಲೇಮ್ ಮಾಡುವುದೇ ಅಂತಾದರೆ ಗಾಜು ಗುಡಿಸುವ ಮೊದಲು ಫೋಟೋ ತೆಗೆಯಿರಿ. ಕಂಪನಿಗೆ ತಡ ಮಾಡದೆ ತಿಳಿಸಿ. ಅವರ ಕಡೆಯವರು ನೋಡುವವರೆಗೆ ಗ್ಲಾಸ್ ಬದಲಿಸಬೇಡಿ. ಬ್ಯಾಗು, ಲ್ಯಾಪ್‌ಟಾಪ್ ಕದ್ದಿದ್ದರೆ ಪೊಲೀಸ್ ಠಾಣೆಗೆ ದೂರು ಕೊಡಿ. ಕಾರಿನ ಮಾಮೂಲಿ ಪಾಲಿಸಿ ಆ ಸಾಮಾನಿಗೆ ದುಡ್ಡು ಕೊಡುವುದಿಲ್ಲ, ಅದಕ್ಕೆ ಬೇರೆ ಆಡ್-ಆನ್ ಇರಬೇಕು.

(ದೃಶ್ಯ: ಬಾಗಿಲಿನ ಒಳಗಿನ ಪ್ಯಾಡ್ ಬಿಚ್ಚಿದೆ. ಕೆಳಗೆ ಗಾಜಿನ ಹರಳು.)

ಕೈಯಿಂದ ಹಾಕಿಸುವವರು ಇದನ್ನು ನೋಡಿ. ಅಂಗಡಿಯವರು ನನಗೆ ಮೊದಲು ಹೇಳಿದ ಮಾತು, "ಅಣ್ಣಾರ, ಡೋರ್ ಪ್ಯಾಡ್ ಬಿಚ್ಚದೆ ಎಲ್ಲೂ ಗ್ಲಾಸ್ ಹಾಕಿಸಬ್ಯಾಡ್ರಿ." ಬಿಚ್ಚಿದರೆ ಬಾಗಿಲಿನ ಹೊಟ್ಟೆಯೊಳಗೆ ಎರಡು ಹಿಡಿ ಗಾಜು. ಇದನ್ನು ಬಿಟ್ಟು ಹೊಸ ಗ್ಲಾಸ್ ಕೂರಿಸಿದ್ದರೆ, ಏರಿಸಿ ಇಳಿಸಿದಾಗೆಲ್ಲ ಕರಕರ ಸದ್ದು, ಗಾಜಿನ ಮೇಲೆ ಗೀರು. ಸೀಟಿನ ಹೊಲಿಗೆ ಸಂದಿಯಲ್ಲೂ ಹರಳು ಇರುತ್ತವೆ. ವ್ಯಾಕ್ಯೂಮ್ ಹಾಕಿಸಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಮಕ್ಕಳನ್ನು ಆಮೇಲೆ ಕೂರಿಸಿ.

ಇನ್ನೊಂದು ಮಾತು. ಈ ಬೋನಸ್ ಕಾರಿನದ್ದಲ್ಲ, ನಿಮ್ಮದು. ಕಾರು ಮಾರುವಾಗ ಕಂಪನಿಯಿಂದ ಎನ್‌ಸಿಬಿ ಪತ್ರ ತಗೊಳ್ಳಿ, ಮೂರು ವರ್ಷದೊಳಗೆ ಹೊಸ ಕಾರಿಗೆ ಹಾಕಬಹುದು. ಹೊಸ ಕಾರಿನ ಪ್ರೀಮಿಯಂ ದೊಡ್ಡದು, ಅಲ್ಲಿ ಶೇ 45 ಅಂದರೆ ದೊಡ್ಡ ದುಡ್ಡು. ನಾನು ಮುಂದಿನ ವರ್ಷ ಈ ಕಾರು ಬದಲಿಸಬೇಕು ಅಂತಿದ್ದೇನೆ. ಅದಕ್ಕೇ ಆ 2,800 ರೂಪಾಯಿ ಇವತ್ತು ಕೈಯಿಂದ ಕೊಟ್ಟೆ.