ಕೊಟ್ಟಿಗೆಗೆ ಕರೆಂಟ್ ಎಳೆಯೋ ಮುಂಚೆ ದೂರ ಅಳೀರಿ

ಎಲ್ಲಾ ಕೇಳುಗರಿಗೂ ನಮಸ್ಕಾರ. ನಾನು ಪಾಲಿಟೆಕ್ನಿಕ್ಕಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡೋನು, ರಜೆ ದಿನ ಹಳ್ಳಿ ಕಡೆಯಿಂದ ವೈರಿಂಗ್ ನೋಡ್ಬನ್ನಿ ಅಂತ ಕರೀತಾರೆ, ಹೋಗ್ತೀನಿ. ಇವತ್ತು ಒಂದೇ ವಿಷಯ ಮಾತಾಡ್ತೀನಿ. ಮನೆಯಿಂದ ದನದ ಕೊಟ್ಟಿಗೆಗೋ, ಕಣದ ಹತ್ರ ಇರೋ ಶೆಡ್ಡಿಗೋ, ಅಡಿಕೆ ಸುಲಿಯೋ ಮನೆಗೋ, ಕೋಳಿ ಫಾರಂಗೋ ಕರೆಂಟ್ ಎಳೀತೀರಲ್ಲ, ಆ ವೈರ್ ಎಷ್ಟು ದಪ್ಪ ಇರಬೇಕು ಅನ್ನೋದನ್ನ ಮೋಟ್ರು ಒಂದೇ ತೀರ್ಮಾನ ಮಾಡಲ್ಲ, ದೂರನೂ ತೀರ್ಮಾನ ಮಾಡುತ್ತೆ. ಮೊದಲು ದೂರ ಅಳೀರಿ, ಆಮೇಲೆ ವೈರ್ ತಗೊಳ್ಳಿ.

ಅಂಗಡಿಗೆ ಹೋಗಿ ಏನಂತ ಕೇಳ್ತೀವಿ? "ಅಣ್ಣಾ, ಎರಡು ಎಚ್‌ಪಿ ಮೋಟ್ರಿಗೆ ವೈರ್ ಕೊಡಿ" ಅಂತೀವಿ. ಅಂಗಡಿಯವರು ಎರಡು ಎಚ್‌ಪಿ ಸಿಂಗಲ್ ಫೇಸ್ ಅಂದ್ರೆ ಹತ್ತು ಹನ್ನೆರಡು ಆಂಪ್ಸ್, ಒಂದೂವರೆ ಎಂಎಂ ತಡೆಯುತ್ತೆ ಅಂತ ಕಟ್ಟಿ ಕೊಡ್ತಾರೆ. ಎಂಎಂ ಅಂದ್ರೆ ಇಲ್ಲಿ ಚದರ ಎಂಎಂ, ವೈರೊಳಗಿನ ಲೋಹದ ಅಡ್ಡಕೊಯ್ತದ ಅಳತೆ. ಅವರು ಹೇಳಿದ್ದು ಸುಳ್ಳಲ್ಲ, ವೈರ್ ಸುಡಲ್ಲ. ಆದ್ರೆ ವೈರ್ ಸುಡದೇ ಇರೋದು ಬೇರೆ, ಆ ತುದಿಗೆ ವೋಲ್ಟೇಜ್ ಮುಟ್ಟೋದು ಬೇರೆ. ಎಷ್ಟು ದೂರ ಅಂತ ನೀವೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ತಾಮ್ರ ಎಷ್ಟೇ ಒಳ್ಳೇದಿರಲಿ, ಕರೆಂಟಿಗೆ ಸ್ವಲ್ಪ ತಡೆ ಒಡ್ಡೇ ಒಡ್ಡುತ್ತೆ. ಒಂದೂವರೆ ಎಂಎಂ ತಾಮ್ರದ ವೈರ್ ಒಂದು ಕಿಲೋಮೀಟರಿಗೆ ಸುಮಾರು 12 ಓಮ್ಸ್ ತಡೆ ಒಡ್ಡುತ್ತೆ. ವೈರ್ ಉದ್ದ ಆದಷ್ಟೂ ತಡೆ ಜಾಸ್ತಿ, ದಪ್ಪ ಆದಷ್ಟೂ ಕಡಿಮೆ. ಡ್ರಿಪ್ ಲೈನಲ್ಲಿ ಕೊನೇ ಸಾಲಿನ ಅಡಿಕೆ ಗಿಡಕ್ಕೆ ನೀರಿನ ಒತ್ತಡ ಕಡಿಮೆ ಆಗುತ್ತಲ್ಲ, ಹಂಗೇ ಇದು. ಇಲ್ಲಿ ತುಂಬಾ ಜನ ಮರೆಯೋದು ಏನಂದ್ರೆ, ಕರೆಂಟ್ ಫೇಸಲ್ಲಿ ಹೋಗಿ ನ್ಯೂಟ್ರಲಲ್ಲಿ ವಾಪಸ್ ಬರಬೇಕು. ಕೊಟ್ಟಿಗೆ 90 ಮೀಟರ್ ದೂರ ಇದ್ರೆ ಲೆಕ್ಕಕ್ಕೆ ಹಿಡಿಯೋದು 180 ಮೀಟರ್.

ಪೆನ್ನು ಇದ್ರೆ ಬರ್ಕೊಳ್ಳಿ. ಆಂಪ್ಸ್ ಎಷ್ಟು, ಅದನ್ನ ಹೋಗೋ ಬರೋ ಒಟ್ಟು ಮೀಟರಿಂದ ಗುಣಿಸಿ. ಬಂದಿದ್ದನ್ನ 50ರಿಂದ ಭಾಗಿಸಿ, ಆಮೇಲೆ ವೈರಿನ ಎಂಎಂನಿಂದ ಭಾಗಿಸಿ. ಎಷ್ಟು ವೋಲ್ಟ್ ದಾರೀಲೇ ಹೋಗುತ್ತೆ ಅಂತ ಸಿಕ್ತು. ಇನ್ನೊಂದು ಸಲ ಹೇಳ್ತೀನಿ, ಆಂಪ್ಸ್ ಇಂಟು ಮೀಟರ್, ಭಾಗಿಸು 50, ಭಾಗಿಸು ಎಂಎಂ. 10 ಆಂಪ್ಸ್, 180 ಮೀಟರ್, ಒಂದೂವರೆ ಎಂಎಂ ಹಾಕಿ ನೋಡಿ, 24 ವೋಲ್ಟ್ ಬರುತ್ತೆ. ನಾಲ್ಕು ಎಂಎಂ ಹಾಕಿದ್ರೆ 9, ಆರು ಎಂಎಂ ಹಾಕಿದ್ರೆ 6. ಮನೆ ಬೋರ್ಡಿಂದ ಕೊಟ್ಟಿಗೆ ಬೋರ್ಡ್ ತನಕ 10 ವೋಲ್ಟ್ ದಾಟಬಾರದು, ಇದೇ ಗೆರೆ ಅಂತ ಇಟ್ಕೊಳ್ಳಿ. ಅಲ್ಯೂಮಿನಿಯಂ ವೈರ್ ಆದ್ರೆ 50ರ ಬದಲು 30ರಿಂದ ಭಾಗಿಸಿ.

ಈಗ ಹೊಳಲ್ಕೆರೆ ಕಡೆ ನಡೆದಿದ್ದು ಹೇಳ್ತೀನಿ, ಇದನ್ನ ನನ್ನ ಪ್ರತಿ ಬ್ಯಾಚಿನ ಹುಡುಗರಿಗೂ ಹೇಳಿದೀನಿ. ಒಬ್ರು ರೈತರು, ಒಳ್ಳೇ ಹಸುಗಳನ್ನ ಕಟ್ಟಿದಾರೆ, ಮೇವು ಕತ್ತರಿಸೋಕೆ ಎರಡು ಎಚ್‌ಪಿ ಮಷೀನ್ ತಂದ್ರು. ಕೊಟ್ಟಿಗೆ ಮನೆ ಹಿಂದೆ ತೋಟದ ಅಂಚಲ್ಲಿ. ಎರಡು ಬಂಡಲ್ ಒಂದೂವರೆ ಎಂಎಂ ವೈರ್ ತಂದ್ರು. ಒಂದು ಬಂಡಲ್ ಅಂದ್ರೆ 90 ಮೀಟರ್, ಒಂದು ಫೇಸಿಗೆ, ಒಂದು ನ್ಯೂಟ್ರಲ್ಲಿಗೆ, ಸರಿಯಾಗಿ ಮುಟ್ಟಿತು, ಜಾಯಿಂಟ್ ಬೇಕಾಗ್ಲಿಲ್ಲ ಅಂತ ಖುಷಿಪಟ್ರು. ಬಲ್ಬ್ ಹತ್ತಿತು, ಫ್ಯಾನ್ ತಿರುಗಿತು. ಮೇವಿನ ಮಷೀನ್ ಆನ್ ಮಾಡಿದ್ರೆ ಗುಂಯ್ ಅಂತ ಶಬ್ದ, ತಿರುಗಲ್ಲ. ಕೈಯಲ್ಲಿ ವ್ಹೀಲ್ ತಳ್ಳಿ ಕೊಟ್ರೆ ನಿಧಾನಕ್ಕೆ ಎದ್ದೇಳುತ್ತೆ, ಒಂದು ಹಿಡಿ ಜೋಳದ ದಂಟು ಕೊಟ್ರೆ ನಿಂತು ಹೋಗುತ್ತೆ. ಆ ಬ್ಲೇಡಿನ ಹತ್ರ ಕೈ ಹಾಕಿ ತಳ್ಳೋದು ಅಂದ್ರೆ, ದಯವಿಟ್ಟು ಯಾರೂ ಹಂಗೆ ಮಾಡಬೇಡಿ.

ಮೆಕ್ಯಾನಿಕ್ ಬಂದು ಮೋಟ್ರು ಎದ್ದೇಳೋಕೆ ನೆರವಾಗೋ ಕೆಪಾಸಿಟರ್ ಹೋಗಿದೆ ಅಂದ, ಬದಲಾಯಿಸಿದ್ರು. ಆಗಲಿಲ್ಲ. ಇನ್ನೊಂದು ಕೆಪಾಸಿಟರ್ ಹಾಕಿದ್ರು. ಆಗಲಿಲ್ಲ. ಅಷ್ಟರಲ್ಲಿ ವೈಂಡಿಂಗ್, ಅಂದ್ರೆ ಮೋಟ್ರೊಳಗಿನ ತಂತಿ ಸುತ್ತು, ಸುಟ್ಟಿತು, ರೀವೈಂಡಿಂಗ್ ಮಾಡಿಸಿದ್ರು. ಅದೂ ಸುಟ್ಟಿತು, ಮತ್ತೆ ಮಾಡಿಸಿದ್ರು. ಆಮೇಲೆ ಟಿಸಿ, ಅಂದ್ರೆ ಊರಿನ ಟ್ರಾನ್ಸ್‌ಫಾರ್ಮರ್, ಅದರ ಮೇಲೆ ಲೋಡ್ ಜಾಸ್ತಿ, ಅದಕ್ಕೇ ನಮಗೆ ಲೋ ವೋಲ್ಟೇಜ್ ಅಂತ ಊರೆಲ್ಲಾ ಮಾತಾಯ್ತು. ಯಾರೋ ಸ್ಟೆಬಿಲೈಸರ್ ತಗೊಳ್ಳಿ ಅಂದ್ರು, ಆ ಹೊತ್ತಿಗೆ ನನ್ನನ್ನ ಕರೆದ್ರು.

ಹೋಗಿ ಕೂತೆ, ಮಜ್ಜಿಗೆ ಕೊಟ್ರು. ಅವರ ತಾಯಿ ಜಗಲಿ ಮೇಲೆ ಅಡಿಕೆ ಆರಿಸ್ತಿದ್ರು. ನಾನಿನ್ನೂ ವೋಲ್ಟೇಜ್ ಅಳೆಯೋ ಮೀಟರ್ ತೆಗೆದಿಲ್ಲ, ಆ ಅಜ್ಜಿ ಅಂದ್ರು, "ಇವ್ನು ಮಷೀನ್ ಹಾಕ್ದಾಗ ಕೊಟ್ಗೇಲಿ ಕರಕ್ಕೆ ಹಾಕಿರೋ ಬಲ್ಬ್ ಕೆಂಪಗಾಗ್ತೈತಪ್ಪ, ದೇವ್ರ ಮನೆ ಬಲ್ಬ್‌ಗೆ ಏನೂ ಆಗಲ್ಲ." ನಾನು ಎದ್ದು ಕೈ ಮುಗಿದೆ. ಇಡೀ ರೋಗ ಆ ಒಂದು ಮಾತಲ್ಲಿ ಇತ್ತು. ಟಿಸಿ ಅಥವಾ ಲೈನ್ ಕಾರಣ ಆಗಿದ್ರೆ ದೇವರ ಮನೆ ಬಲ್ಬೂ ಅಷ್ಟೇ ಕುಗ್ಗಬೇಕಿತ್ತು. ಕುಗ್ಗಿದ್ದು ಕೊಟ್ಟಿಗೇದು ಮಾತ್ರ, ಅಂದ್ರೆ ವೋಲ್ಟೇಜ್ ಕಳೆದುಹೋಗ್ತಿರೋದು ಇವೆರಡರ ನಡುವೆ, ಆ ಎರಡು ಬಂಡಲ್ ವೈರಲ್ಲಿ. ಕರುಗಳಿಗೆ ಬೆಚ್ಚಗಿರಲಿ ಅಂತ ಹಳೇ 60 ವ್ಯಾಟ್ ಬಲ್ಬ್ ಹಾಕಿದ್ರು, ದೇವರ ಮನೇಲಿ ಹಳೇ ಜೀರೋ ಬಲ್ಬ್ ಇತ್ತು, ಅದಕ್ಕೇ ಗೊತ್ತಾಯ್ತು. ಈಗಿನ ಎಲ್‌ಇಡಿ ಬಲ್ಬ್ ಬಹಳಷ್ಟು ವೋಲ್ಟೇಜ್ ಸುಮಾರು ಇಳಿದ್ರೂ ಹಂಗೇ ಉರೀತವೆ, ಏನೂ ಹೇಳಿಕೊಡಲ್ಲ. ಮನೇಲಿ ಒಂದು ಹಳೇ ಕಾಲದ ಬಲ್ಬ್ ಇದ್ರೆ ಬಿಸಾಕಬೇಡಿ.

ಅಲ್ಲಿಗೆ ಮೀಟರ್ ಇಟ್ಟು ಎಲ್ಲರಿಗೂ ತೋರಿಸಿದೆ. ಮಷೀನ್ ಆಫ್ ಇದ್ದಾಗ ಮನೇಲಿ 218, ಕೊಟ್ಟಿಗೇಲೂ 218. ರೈತರು "ನೋಡಿ ಸಾರ್, ಸರಿಯಾಗೇ ಐತಲ್ಲ" ಅಂದ್ರು. ಮೆಕ್ಯಾನಿಕ್ಕೂ ಹಿಂಗೇ ನೋಡಿ ವೈರ್ ಸರಿ ಇದೆ ಅಂದುಬಿಟ್ಟಿದ್ದ. ಇದನ್ನ ಗಮನ ಇಟ್ಟು ಕೇಳಿ, ಕರೆಂಟ್ ಹರೀದೇ ಇದ್ದಾಗ ಡ್ರಾಪ್, ಅಂದ್ರೆ ದಾರೀಲಿ ವೋಲ್ಟೇಜ್ ಇಳಿಯೋದು, ಇರೋದೇ ಇಲ್ಲ. ಹೊರೆ ಬಿದ್ದಾಗ ಅಳೀಬೇಕು. ಮಷೀನ್ ಆನ್ ಮಾಡಿಸಿದೆ, ಕೊಟ್ಟಿಗೇಲಿ 150ರ ಹತ್ರಕ್ಕೆ ಬಿತ್ತು. ಯಾಕಂದ್ರೆ ಮೋಟ್ರು ಎದ್ದೇಳೋ ಕ್ಷಣದಲ್ಲಿ ಓಡೋದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಮೋಟ್ರಿನ ತಿರುಗೋ ಬಲ ವೋಲ್ಟೇಜಿನ ವರ್ಗದಷ್ಟು, ಅಂದ್ರೆ ವೋಲ್ಟೇಜನ್ನ ಅದರಿಂದಲೇ ಗುಣಿಸಿದ ಲೆಕ್ಕದಲ್ಲಿ, ಇಳಿಯುತ್ತೆ, 230ಕ್ಕೆ ಮಾಡಿದ ಮೋಟ್ರಿಗೆ 150 ಕೊಟ್ರೆ ಬಲ ಅರ್ಧಕ್ಕಿಂತ ಕಡಿಮೆ. ಎದ್ದೇಳೋಕಾಗದೆ ಅಷ್ಟೂ ಕರೆಂಟ್ ಎಳೀತಾನೇ ನಿಂತಿರುತ್ತೆ, ವೈಂಡಿಂಗ್ ಸುಡದೆ ಇನ್ನೇನಾಗುತ್ತೆ ಹೇಳಿ. ಮೋಟ್ರಿಂದ ಏನೂ ತಪ್ಪಿಲ್ಲ, ಕೆಪಾಸಿಟರಿಂದೂ ಇಲ್ಲ, ಟಿಸಿಯಿಂದೂ ಇಲ್ಲ. ದೂರ ಅಳೆದಿರಲಿಲ್ಲ, ಅಷ್ಟೇ.

ಆರು ಎಂಎಂ ತಾಮ್ರ ಹಾಕಿಸಿದ್ವಿ. ಅದೇ ಮೋಟ್ರು, ಅದೇ ಕೆಪಾಸಿಟರ್, ಸ್ವಿಚ್ ಹಾಕಿದ್ದೇ ಎದ್ದಿತು, ಎದ್ದೇಳುವಾಗ ಕೂಡ ಮೀಟರ್ 190ರ ಮೇಲೇ ಇತ್ತು. ತಾಮ್ರ ದುಬಾರಿ ಆಯ್ತು ಅನ್ನೋರು ಹತ್ತು ಎಂಎಂ ಅಲ್ಯೂಮಿನಿಯಂ ಸರ್ವಿಸ್ ವೈರ್ ಹಾಕ್ಬಹುದು, ಎರಡರ ತಡೆ ಒಂದೇ. ಅಲ್ಯೂಮಿನಿಯಂ ಮತ್ತೆ ತಾಮ್ರ ನೇರ ತಿರುಚಿ ಟೇಪ್ ಸುತ್ತಬೇಡಿ, ಅಲ್ಲೇ ಕಿಲುಬು ಹಿಡಿದು ಬಿಸಿಯಾಗುತ್ತೆ, ಬೈಮೆಟಲ್ ಲಗ್ ಅಂತ ಸಿಗುತ್ತೆ, ಅದನ್ನ ಹಾಕಿಸಿ. ಕೊಟ್ಟಿಗೇಲಿ ಎರಡು ಎಲ್‌ಇಡಿ ಬಲ್ಬ್ ಬಿಟ್ರೆ ಬೇರೇನೂ ಇಲ್ಲ ಅನ್ನೋರು ಒಂದೂವರೆಯಲ್ಲೇ ಇರಿ, ದುಡ್ಡು ಹಾಳು ಮಾಡಬೇಡಿ.

ಇನ್ನೊಂದು, ವೈರಲ್ಲಿ ಕಳೆದುಹೋದ ವೋಲ್ಟೇಜು ಶಾಖ ಆಗಿ ಹೋಗುತ್ತೆ. 24 ವೋಲ್ಟ್, 10 ಆಂಪ್ಸ್ ಅಂದ್ರೆ 240 ವ್ಯಾಟ್. ಮೀಟ್ರು ಇರೋದು ಮನೇಲಿ, ಅಷ್ಟೂ ನಿಮ್ಮ ಬಿಲ್ಲಿಗೇ ಬರುತ್ತೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಕರೆಂಟ್ ಕಳಿಸಿದಾಗಲೂ ಇದೇ ಚಿಂತೆ, ಅದಕ್ಕೇ ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿದ್ರು, ವೋಲ್ಟ್ ಏರಿದ್ರೆ ಆಂಪ್ಸ್ ಇಳಿಯುತ್ತೆ, ದಾರೀಲಿ ನಷ್ಟನೂ ಇಳಿಯುತ್ತೆ. ನಾವು ನೀವು ಮನೇಲಿ ವೋಲ್ಟ್ ಏರಿಸೋಕಾಗಲ್ಲ, ವೈರ್ ದಪ್ಪ ಮಾಡಬಹುದು.

ಸಮಯ ಆಗ್ತಾ ಬಂತು ಅಂತ ಇಲ್ಲಿಂದ ಸನ್ನೆ ಮಾಡ್ತಿದಾರೆ, ಬೇಗ ಹೇಳ್ತೀನಿ. ದಾರಿ ಅಳೆಯುವಾಗ ಕಣ್ಣಂದಾಜು ಬೇಡ, ವೈರ್ ಗಿಡ ಸುತ್ತಿ ಕಾಂಪೌಂಡ್ ಸುತ್ತಿ ಹೋಗುತ್ತೆ, ಆ ದಾರೀಲೇ ಟೇಪ್ ಹಿಡೀರಿ. ಒಂದು ವೈರ್ ಉಳಿಸೋಕೆ ಫೇಸ್ ಮಾತ್ರ ಎಳೆದು ನ್ಯೂಟ್ರಲ್ ಬದಲು ಕೊಟ್ಟಿಗೇಲಿ ನೆಲಕ್ಕೆ ಸಲಾಕೆ ಹೊಡೆದು ಕೊಡ್ತಾರಲ್ಲ, ಅದನ್ನ ಇವತ್ತೇ ತೆಗೆಸಿ. ಆ ಸಲಾಕೆ ಸುತ್ತ ನೆಲದಲ್ಲೇ ವೋಲ್ಟೇಜ್ ಹರಡುತ್ತೆ, ಹಸುವಿನ ಮುಂಗಾಲು ಹಿಂಗಾಲು ದೂರ ಇರೋದ್ರಿಂದ ಅದರ ಮೈಯಲ್ಲೇ ಕರೆಂಟ್ ಹಾಯುತ್ತೆ. ಮನುಷ್ಯನಿಗೆ ಗೊತ್ತಾಗದಷ್ಟು ಕೆಲವೇ ವೋಲ್ಟ್ ಇದ್ರೂ ಹಸು ನೀರಿನ ತೊಟ್ಟಿಗೆ ಬಾಯಿ ಹಾಕೋಕೆ ಹಿಂಜರಿಯುತ್ತೆ.

ಕೊಟ್ಟಿಗೆ ಬೋರ್ಡಲ್ಲಿ 30 ಮಿಲಿಆಂಪ್ಸಿನ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ತಾನೇ ಬೀಳೋ ಸ್ವಿಚ್, ಹಾಕಿಸಿ, ಲೈಸೆನ್ಸ್ ಇರೋರ ಕೈಲೇ ಹಾಕಿಸಿ. ಉದ್ದದ ಸಣ್ಣ ವೈರಿನ ತುದೀಲಿ ಫೇಸ್ ಮಷೀನಿನ ಮೈಗೆ ತಾಗಿದ್ರೂ, ಜಾಸ್ತಿ ಕರೆಂಟ್ ಹರಿದ್ರೆ ಬೀಳೋ ಮನೇಲಿರೋ ಎಂಸಿಬಿ ಸ್ವಿಚ್ಚಿಗೆ ಸಾಕಷ್ಟು ಕರೆಂಟ್ ಹೋಗದೆ ತಕ್ಷಣ ಬೀಳದೇ ಇರಬಹುದು. ಇಲ್ಲೂ ದೂರದ್ದೇ ಕೆಲಸ. ಆರ್‌ಸಿಸಿಬಿ ಮೇಲೆ ಟಿ ಅಂತ ಒಂದು ಸಣ್ಣ ಬಟನ್ ಇರುತ್ತೆ, ತಿಂಗಳಿಗೆ ಒಂದು ಸಲ ಒತ್ತಿ, ಟಕ್ ಅಂತ ಬೀಳಬೇಕು, ಬೀಳಲಿಲ್ಲ ಅಂದ್ರೆ ಅವತ್ತೇ ಬದಲಾಯಿಸಿ. ನಮಸ್ಕಾರ.